ಆಲಿವ್ ಎಣ್ಣೆಯಲ್ಲಿ ಮಟನ್, ಚಿಕನ್: ನಮ್ಮ ಭಾಗದ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರು, ಬಳ್ಳಾರಿ, ಕೊಪ್ಪಳದ ಎಷ್ಟೋ ಮನೆಗಳಲ್ಲಿ ಈಗ ಶೇಂಗಾ ಎಣ್ಣೆಯ ಡಬ್ಬಿ ಪಕ್ಕ ಒಂದು ಕಡು ಹಸಿರು ಬಾಟಲಿಯೂ ಇರುತ್ತದೆ. ಡಾಕ್ಟರು ಹೇಳಿದರು ಅಂತ ಕೆಲವರು ತಂದಿರುತ್ತಾರೆ. ಸೌದಿ, ದುಬೈನಲ್ಲಿ ದುಡಿಯುವ ಮಕ್ಕಳು ತಂದುಕೊಟ್ಟಿದ್ದೂ ಇರುತ್ತದೆ. ಸಲಾಡ್ ಮೇಲೆ ಎಣ್ಣೆ ಹಾಕಿಕೊಂಡು ತಿನ್ನುವ ರೂಢಿ ನಮ್ಮಲ್ಲಿ ಕಡಿಮೆ. ಹಾಗಾಗಿ ಮುಚ್ಚಳ ತೆಗೆದ ಬಾಟಲಿ ತಿಂಗಳುಗಟ್ಟಲೆ ಸುಮ್ನೆ ಕೂತಿರುತ್ತದೆ. ಭಾನುವಾರ ಮಟನ್ ತಂದಾಗ ಅದರ ನೆನಪು ಬರುತ್ತದೆ. ಇಷ್ಟು ದುಬಾರಿ ಎಣ್ಣೆಯನ್ನು ಖಾರದ ಸಾರಿಗೆ ಹಾಕಬಹುದಾ? ಸುಟ್ಟು ಹಾಳಾಗುತ್ತದಾ? ರುಚಿ ಕೆಡುತ್ತದಾ?

ನಾನು ರಾಯಚೂರಿನವಳು. ಮಟನ್ ಸಾರು, ಜವಾರಿ ಕೋಳಿ, ಖೀಮಾ ಇವೆಲ್ಲವನ್ನೂ ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯಲ್ಲಿ ಮಾಡುತ್ತೇನೆ. ಶೇಂಗಾ ಎಣ್ಣೆಯನ್ನೂ ಬಿಟ್ಟಿಲ್ಲ. ನೆಂಟರು, ಓಣಿಯವರು, ಗೆಳತಿಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಎಕ್ಸ್‌ಟ್ರಾ ವರ್ಜಿನ್‌ಗೂ ಅಂಗಡಿಯ ಬೇರೆ ಆಲಿವ್ ಎಣ್ಣೆಗೂ ಏನು ವ್ಯತ್ಯಾಸ?

ಆಲಿವ್ ಕಾಯಿಯನ್ನು ಅರೆದು, ಬರೀ ಯಂತ್ರದ ಬಲದಿಂದ ತೆಗೆದ ಎಣ್ಣೆ ಎಕ್ಸ್‌ಟ್ರಾ ವರ್ಜಿನ್. ರಾಸಾಯನಿಕ ಹಾಕುವುದಿಲ್ಲ, ರಿಫೈನ್ ಮಾಡುವುದಿಲ್ಲ. ಇದರಲ್ಲಿ ಬಿಡಿಯಾಗಿರುವ ಆಮ್ಲ 100 ಗ್ರಾಮಿಗೆ 0.8 ಗ್ರಾಮ್ ಮೀರಬಾರದು ಅನ್ನುವುದು ಅಂತರರಾಷ್ಟ್ರೀಯ ನಿಯಮ. ರುಚಿ ನೋಡುವ ತಜ್ಞರ ತಂಡಕ್ಕೂ ಅದರಲ್ಲಿ ದೋಷ ಕಾಣಬಾರದು. ನಮ್ಮ ಗಾಣದ ಶೇಂಗಾ ಎಣ್ಣೆಗೂ ಪಾಕೀಟಿನ ರಿಫೈನ್ಡ್ ಎಣ್ಣೆಗೂ ಎಷ್ಟು ಅಂತರವೋ, ಇಲ್ಲೂ ಅಷ್ಟೇ ಅಂತರ.

"ಪೋಮೇಸ್" ಅಂತ ಬರೆದ ಡಬ್ಬಿ ಅಗ್ಗಕ್ಕೆ ಸಿಗುತ್ತದೆ. ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ, ರಾಸಾಯನಿಕ ದ್ರಾವಕ ಬಳಸಿ ತೆಗೆದು ರಿಫೈನ್ ಮಾಡಿದ್ದು ಅದು. "ಎಕ್ಸ್‌ಟ್ರಾ ಲೈಟ್" ಕೂಡ ರಿಫೈನ್ಡ್ ಎಣ್ಣೆಯೇ. ಬಣ್ಣ ಮತ್ತು ವಾಸನೆ ಲೈಟು, ಕ್ಯಾಲರಿ ಅಲ್ಲ. ಎರಡರಲ್ಲೂ ಅಡುಗೆ ಮಾಡಬಹುದು, ತಪ್ಪಿಲ್ಲ. ಆದರೆ ಈ ಪುಟದಲ್ಲಿ ನಾನು ಹೇಳುತ್ತಿರುವ ರುಚಿ ಅವುಗಳಲ್ಲಿ ಸಿಗುವುದಿಲ್ಲ.

ಈ ಎಣ್ಣೆ ಬಿಸಿ ಮಾಡಿದರೆ ವಿಷ ಆಗುತ್ತದೆ ಅಂತಾರಲ್ಲ, ನಿಜವಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಮನೆಯ ಸಾಮಾನ್ಯ ಅಡುಗೆಗೆ ಈ ಮಾತು ಅನ್ವಯಿಸುವುದಿಲ್ಲ.

ಈ ಹೆದರಿಕೆ ಎಲ್ಲಿಂದ ಬಂತು ಅಂದರೆ, ಎಣ್ಣೆ ಹೊಗೆಯಾಡಲು ಶುರುವಾಗುವ ಬಿಸಿಯಿಂದ. ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಸುಮಾರು 190ರಿಂದ 210 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಗೆಯಾಡುತ್ತದೆ. ರಿಫೈನ್ಡ್ ಶೇಂಗಾ ಎಣ್ಣೆ 230ರ ಹತ್ತಿರ ಹೋಗುತ್ತದೆ. ಇಷ್ಟು ನೋಡಿ "ಆಲಿವ್ ಎಣ್ಣೆ ಬಿಸಿಗೆ ಆಗಿಬರುವುದಿಲ್ಲ" ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಈಗ ನಮ್ಮ ಮಟನ್ ಸಾರು ಎಷ್ಟು ಬಿಸಿಯಾಗುತ್ತದೆ ನೋಡೋಣ. ಪಾತ್ರೆಯಲ್ಲಿ ನೀರು ಇರುವ ತನಕ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕುಕ್ಕರ್‌ನೊಳಗೆ ಒತ್ತಡ ಇರುವುದರಿಂದ ಸುಮಾರು 120 ಡಿಗ್ರಿ. ಉಳ್ಳಾಗಡ್ಡಿ ಹುರಿಯುವಾಗಲೂ ಅದರೊಳಗಿನ ನೀರು ಆರುವ ತನಕ ಬಿಸಿ ಜಾಸ್ತಿ ಏರುವುದಿಲ್ಲ. ಮಾಂಸದ ಮೇಲ್ಭಾಗ ಕಂದು ಬಣ್ಣಕ್ಕೆ ಬರುವುದು 140 ಡಿಗ್ರಿ ದಾಟಿದ ಮೇಲೆ. ಇವೆಲ್ಲ ಹೊಗೆಯಾಡುವ ಮಟ್ಟಕ್ಕಿಂತ ಸಾಕಷ್ಟು ಕೆಳಗೇ ಇವೆ ಅಲ್ವಾ?

ಇನ್ನೊಂದು ವಿಷಯ. ಹೊಗೆಯಾಡುವ ಬಿಸಿ ಒಂದನ್ನೇ ನೋಡಿ ಎಣ್ಣೆ ಎಷ್ಟು ತಾಳುತ್ತದೆ ಅಂತ ಹೇಳಲು ಬರುವುದಿಲ್ಲ. ಎಣ್ಣೆಯಲ್ಲಿ ಎಂಥ ಕೊಬ್ಬಿದೆ ಅನ್ನುವುದು ಮುಖ್ಯ. ಆಲಿವ್ ಎಣ್ಣೆಯಲ್ಲಿ ಹೆಚ್ಚಿನ ಪಾಲು ಒಲೀಕ್ ಆಮ್ಲ, ತಳಿ ನೋಡಿಕೊಂಡು 55ರಿಂದ 83 ಪ್ರತಿಶತ. ಇದು ಬಿಸಿಗೆ ಸುಲಭವಾಗಿ ಒಡೆಯುವುದಿಲ್ಲ. ಜೊತೆಗೆ ಪಾಲಿಫಿನಾಲ್ ಅನ್ನುವ ಅಂಶಗಳು ಎಣ್ಣೆ ಕೆಡದಂತೆ ಕಾಯುತ್ತವೆ. 2018ರಲ್ಲಿ ಆಸ್ಟ್ರೇಲಿಯಾದ ಒಂದು ಪ್ರಯೋಗಾಲಯ ಹಲವು ಎಣ್ಣೆಗಳನ್ನು 180 ಡಿಗ್ರಿಯಲ್ಲಿ 6 ಗಂಟೆ ಕಾಯಿಸಿ ನೋಡಿತು. ಕೆಟ್ಟ ಅಂಶಗಳು ಅತಿ ಕಡಿಮೆ ಹುಟ್ಟಿದ್ದು ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿ. ಆ ಪ್ರಯೋಗಾಲಯ ಆಲಿವ್ ಉದ್ಯಮಕ್ಕೇ ಸೇರಿದ್ದು ಅನ್ನುವುದನ್ನೂ ಹೇಳಬೇಕು. ಆದರೂ ಎಣ್ಣೆಯ ರಾಸಾಯನಿಕ ಗುಣ ಗೊತ್ತಿದ್ದವರಿಗೆ ಆ ಫಲಿತಾಂಶ ಅಚ್ಚರಿಯದ್ದಲ್ಲ.

ನೀವು ಮಾಡಬೇಕಾದದ್ದು ಇಷ್ಟೇ: ಖಾಲಿ ಕಡಾಯಿಯಲ್ಲಿ ಎಣ್ಣೆ ಹಾಕಿ ಜೋರು ಉರಿಯಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ. ಹೊಗೆ ಎದ್ದರೆ ಆ ಎಣ್ಣೆ ಚೆಲ್ಲಿ, ಮತ್ತೆ ಶುರು ಮಾಡಿ. ಇದು ಯಾವ ಎಣ್ಣೆಗಾದರೂ ಹೇಳುವ ಮಾತೇ.

ಮಟನ್ ಸಾರಿಗೆ ಹೇಗೆ ಬಳಸಬೇಕು? ಒಂದು ಸಲ ಪೂರ್ತಿ ಹೇಳಿ.

ಅರ್ಧ ಕಿಲೋ ಕುರಿ ಮಾಂಸಕ್ಕೆ 2 ದೊಡ್ಡ ಚಮಚ ಎಣ್ಣೆ ಸಾಕು, ಕೊನೆಗೆ ಹಾಕಲು ಇನ್ನೊಂದು ಚಮಚ. ಮಾಂಸವೇ ಕೊಬ್ಬು ಬಿಡುತ್ತದೆ ಅನ್ನುವುದು ನೆನಪಿರಲಿ. ನಮ್ಮ ಭಾಗದಲ್ಲಿ ಬಳ್ಳಾರಿ ಕುರಿ ಇದೆ, ಸಿಂಧನೂರು, ಲಿಂಗಸುಗೂರು, ಗಂಗಾವತಿ ಕಡೆ ಕೆಂಗುರಿ ಇದೆ. ಕಟುಕರ ಹತ್ತಿರ ಎಳೆಯದು ಕೇಳಿ ಕೊಯ್ಯಿಸಿಕೊಳ್ಳಿ, ಸ್ವಲ್ಪ ಎಲುಬು ಸೇರಿಸಿ ಕೊಡಲು ಹೇಳಿ.

ಮಾಂಸಕ್ಕೆ ಅರಿಶಿನ, ಉಪ್ಪು ಹಚ್ಚಿ ಅರ್ಧ ಗಂಟೆ ಇಡಿ. ಕುಕ್ಕರ್‌ಗೆ ಎಣ್ಣೆ ಹಾಕಿ, ನಡುವಿನ ಉರಿಯಲ್ಲಿ ಇಟ್ಟು ಕೂಡಲೇ ಹೆಚ್ಚಿದ ಉಳ್ಳಾಗಡ್ಡಿ ಹಾಕಿ. ಎಣ್ಣೆ ಚೆನ್ನಾಗಿ ಕಾಯಲಿ ಅಂತ ಕಾಯಬೇಡಿ. ಉಳ್ಳಾಗಡ್ಡಿಯೂ ಎಣ್ಣೆಯೂ ಒಟ್ಟಿಗೆ ಬಿಸಿಯಾದರೆ ಬಣ್ಣ ಸಮನಾಗಿ ಬರುತ್ತದೆ. ಕೆಂಪಗಾದ ಮೇಲೆ ಶುಂಠಿ, ಬೆಳ್ಳುಳ್ಳಿ ಜಜ್ಜಿ ಹಾಕಿ. ಹಸಿ ವಾಸನೆ ಹೋಗಬೇಕು. ಆಮೇಲೆ ಮಾಂಸ. ಈಗ ಅವಸರ ಬೇಡ. ಮಾಂಸ ನೀರು ಬಿಡುತ್ತದೆ, ಆ ನೀರು ಆರಿ ಎಣ್ಣೆ ಅಂಚಿಗೆ ಬರುವ ತನಕ ಹುರಿಯಿರಿ. ಇಡೀ ಸಾರಿನ ರುಚಿ ಇಲ್ಲೇ ತಯಾರಾಗುತ್ತದೆ.

ಖಾರಪುಡಿ ಹಾಕುವಾಗ ಮಾತ್ರ ಹುಷಾರು. ನಮ್ಮ ಮನೆಗಳಲ್ಲಿ ಕಾದ ಎಣ್ಣೆಗೆ ಖಾರಪುಡಿ ಹಾಕಿ ಬಣ್ಣ ಬಿಡಿಸುವ ರೂಢಿ ಇದೆ. ಎಣ್ಣೆ ಸುಡುವ ಮುಂಚೆಯೇ ಖಾರಪುಡಿ ಸುಡುತ್ತದೆ, ಆಗ ಕಹಿ ಬರುತ್ತದೆ. "ಆಲಿವ್ ಎಣ್ಣೆ ಕಹಿ ಮಾಡಿತು" ಅಂತ ದೂರುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಆಗಿರುವುದು ಇದೇ. ಖಾರಪುಡಿ ಹಾಕುವ ಮೊದಲು ಒಂದು ಸೌಟು ಬಿಸಿನೀರು ಹಾಕಿಬಿಡಿ. ಬಣ್ಣವೂ ಬಿಡುತ್ತದೆ, ಕಹಿಯೂ ಬರುವುದಿಲ್ಲ.

ಒಣಕೊಬ್ಬರಿ, ಧನಿಯಾ, ಗಸಗಸೆ, ಚಕ್ಕೆ, ಲವಂಗ ಬೇರೆ ಹುರಿದು ಅರೆದ ಮಸಾಲೆ ಈಗ ಸೇರಲಿ. ಬೇಕಾದಷ್ಟು ನೀರು ಹಾಕಿ ಮುಚ್ಚಿ. ಎಳೆ ಮಾಂಸಕ್ಕೆ 4-5 ಸೀಟಿ ಸಾಕಾಗುತ್ತದೆ, ಬಲಿತಿದ್ದರೆ ಇನ್ನಷ್ಟು ಬೇಕು. ಕುಕ್ಕರ್ ತಾನಾಗಿ ತಣಿದ ಮೇಲೆ ತೆಗೆದು 10 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ. ಒಲೆ ಆರಿಸಿ, ಕೊತ್ತಂಬರಿ ಹಾಕಿ, ಉಳಿಸಿದ ಆ ಒಂದು ಚಮಚ ಎಣ್ಣೆಯನ್ನು ಹಸಿಯಾಗಿಯೇ ಮೇಲೆ ಸುರಿದು 5 ನಿಮಿಷ ಮುಚ್ಚಿಡಿ.

ಈ ಕೊನೆಯ ಚಮಚವನ್ನು ಬಿಡಬೇಡಿ ಅಂತ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಕುದಿಯುವಾಗ ಎಣ್ಣೆಯ ಘಮ ಬಹಳಷ್ಟು ಹಾರಿಹೋಗುತ್ತದೆ. ಕೊನೆಗೆ ಹಾಕಿದ್ದು ಮಾತ್ರ ಬಟ್ಟಲಿನ ತನಕ ಬರುತ್ತದೆ. ಬಿಸಿ ಜೋಳದ ರೊಟ್ಟಿ ಮುರಿದು ಆ ಸಾರಿನಲ್ಲಿ ಅದ್ದಿ ನೋಡಿ.

ನಮ್ಮ ಖಾರದ ಮುಂದೆ ಆಲಿವ್ ರುಚಿ ಗೊತ್ತಾಗುತ್ತದಾ? ಹಣ ದಂಡ ಅಲ್ವಾ?

ಖಾರ ಜಾಸ್ತಿ, ಮಸಾಲೆ ಜಾಸ್ತಿ ಇರುವ ಸಾರಿನಲ್ಲಿ ಬೇಯಿಸಿದ ಎಣ್ಣೆಯ ರುಚಿ ಹಿಂದೆ ಸರಿಯುತ್ತದೆ, ಇದು ನಿಜ. ಆದ್ದರಿಂದ ಅಂಥ ಸಾರನ್ನು ಶೇಂಗಾ ಎಣ್ಣೆಯಲ್ಲಿ ಮಾಡಿ, ಆಲಿವ್ ಎಣ್ಣೆಯನ್ನು ಕೊನೆಗೆ ಮಾತ್ರ ಹಾಕಿದರೂ ನಡೆಯುತ್ತದೆ. ಮೆಣಸು, ಬೆಳ್ಳುಳ್ಳಿ, ನಿಂಬೆಹಣ್ಣು, ಹಸಿಮೆಣಸಿನಕಾಯಿ, ಕೊತ್ತಂಬರಿ ಹಾಕಿ ಮಾಡುವ ಅಡುಗೆಗಳಲ್ಲಿ ಎಣ್ಣೆ ಎದ್ದು ಕಾಣುತ್ತದೆ. ಪೂರ್ತಿ ಆಲಿವ್ ಎಣ್ಣೆಯಲ್ಲೇ ಮಾಡುವುದಾದರೆ ಅವುಗಳಿಂದ ಶುರು ಮಾಡಿ.

ಖರ್ಚಿನ ಲೆಕ್ಕ ಹೀಗಿದೆ. ಲೀಟರಿಗೆ 1000 ರೂಪಾಯಿ ಅಂತ ಹಿಡಿದರೂ ಒಂದು ದೊಡ್ಡ ಚಮಚಕ್ಕೆ, ಅಂದರೆ 15 ಮಿಲಿಗೆ, 15 ರೂಪಾಯಿ. ಮೇಲಿನ ಸಾರಿಗೆ ಒಟ್ಟು 45 ರೂಪಾಯಿ. ದಿನಾ ಮೂರು ಹೊತ್ತಿನ ಅಡುಗೆಗೆ ಇದು ಭಾರವೇ. ವಾರಕ್ಕೊಮ್ಮೆಯ ಮಟನ್‌ಗೆ ಹೊರಬಹುದು ಅನಿಸುತ್ತದೆ ನನಗೆ.

ಪುಂಡಿ ಸೊಪ್ಪು ಹಾಕಿದ ಮಟನ್‌ಗೆ ಹೊಂದುತ್ತದಾ?

ತುಂಬ ಚೆನ್ನಾಗಿ ಹೊಂದುತ್ತದೆ. ತೆಲಂಗಾಣ, ಆಂಧ್ರದ ಗಡಿಯಲ್ಲಿ ಇರುವವರಿಗೆ ಗೋಂಗುರ ಮಟನ್, ಅಂದರೆ ಪುಂಡಿ ಸೊಪ್ಪಿನ ಮಟನ್, ಹೊಸದಲ್ಲ. ಪುಂಡಿಯ ಹುಳಿ, ಆಲಿವ್ ಎಣ್ಣೆಯ ಸ್ವಲ್ಪ ಒಗರು, ಮಾಂಸದ ಕೊಬ್ಬು, ಈ ಮೂರೂ ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಮಾಂಸವನ್ನು ಬೇರೆಯಾಗಿ ಬೇಯಿಸಿಕೊಳ್ಳಿ. ಸೊಪ್ಪನ್ನು 2 ದೊಡ್ಡ ಚಮಚ ಎಣ್ಣೆಯಲ್ಲಿ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಜೊತೆ ಮೆತ್ತಗಾಗುವ ತನಕ ಬಾಡಿಸಿ, ಸೌಟಿನಿಂದಲೇ ಹಿಸುಕಿ, ಆಮೇಲೆ ಮಾಂಸ ಸೇರಿಸಿ. ಇದಕ್ಕೆ ಕೊಬ್ಬರಿ ಬೇಡ, ಗರಂ ಮಸಾಲೆ ಬೇಡ. ನಾನು ಆಲಿವ್ ಎಣ್ಣೆಯಲ್ಲಿ ಮಾಡುವ ಅಡುಗೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು.

ಮಸಾಲೆ ಅರೆಯುವಾಗ ಮಿಕ್ಸಿಗೆ ಈ ಎಣ್ಣೆ ಹಾಕಬಹುದಾ?

ಬೇಡ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಮಿಕ್ಸಿಯ ಜೋರು ವೇಗದಲ್ಲಿ ತಿರುಗಿಸಿದರೆ ಅದರೊಳಗಿನ ಕಹಿ ಅಂಶ ಹೊರಬಂದು ಇಡೀ ಮಸಾಲೆ ಕಹಿಯಾಗಬಹುದು. ನೀರು ಅಥವಾ ಮೊಸರು ಹಾಕಿ ಅರೆಯಿರಿ, ಎಣ್ಣೆಯನ್ನು ಆಮೇಲೆ ಕೈಯಲ್ಲಿ ಕಲಸಿ.

ಜವಾರಿ ಕೋಳಿಗೆ?

ಜವಾರಿ ಕೋಳಿ ಗಟ್ಟಿ, ಬೇಯಲು ಹೊತ್ತು ಬೇಕು. ಫಾರಂ ಕೋಳಿಯಷ್ಟು ಕೊಬ್ಬೂ ಇರುವುದಿಲ್ಲ. ಹಾಗಾಗಿ ಎಣ್ಣೆಯ ಅಳತೆ ಸ್ವಲ್ಪ ಏರಿಸಿ, ಒಂದು ಕಿಲೋ ಕೋಳಿಗೆ 5 ದೊಡ್ಡ ಚಮಚ. ಬಳ್ಳಾರಿ ಕಡೆ ಮುದ್ದೆಗೆ ಮಾಡುವ ತೆಳು ಸಾರಾದರೆ ಮೇಲೆ ಎಣ್ಣೆ ತೇಲಬೇಕು ಅನ್ನುತ್ತಾರೆ. ಆ ತೇಲುವ ಎಣ್ಣೆ ಆಲಿವ್‌ನದ್ದಾದರೆ ಸಾರಿನ ಬಣ್ಣ ಸ್ವಲ್ಪ ಬೇರೆ ಕಾಣುತ್ತದೆ, ರುಚಿಗೆ ತೊಂದರೆ ಇಲ್ಲ.

ಫಾರಂ ಕೋಳಿಗೆ ಅದರ ಅರ್ಧ ಎಣ್ಣೆ ಸಾಕು.

ಬೋಟಿ, ಕಾಲು, ಲಿವರ್?

ಬೋಟಿಗೂ ಕಾಲು ಸೂಪಿಗೂ ನಾನು ಇದನ್ನು ಬಳಸುವುದಿಲ್ಲ. ಅವುಗಳ ವಾಸನೆ ಜೋರು, ಕುದಿಸುವ ಹೊತ್ತೂ ಜಾಸ್ತಿ, ಒಳ್ಳೆಯ ಎಣ್ಣೆ ಅಲ್ಲಿ ಕಳೆದುಹೋಗುತ್ತದೆ. ಲಿವರ್ ಬೇರೆ. ಹಂಚಿನ ಮೇಲೆ ಎಣ್ಣೆ, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಬೇಗ ಬೇಗ ಹುರಿದು, ನಿಂಬೆರಸ ಹಿಂಡಿ ಇಳಿಸಿದರೆ ಬಹಳ ರುಚಿ. ಉಪ್ಪು ಕೊನೆಗೆ ಹಾಕಿ.

ಖೀಮಾ?

ಖೀಮಾಗೆ ಸೊಗಸಾಗಿ ಒಗ್ಗುತ್ತದೆ. ಅಗಲ ಕಡಾಯಿ ತೆಗೆದುಕೊಳ್ಳಿ. ಎಣ್ಣೆ ಬಿಸಿಯಾದ ಮೇಲೆ ಖೀಮಾ ಹರಡಿ, ಎರಡು ಮೂರು ನಿಮಿಷ ಕೈಯಾಡಿಸದೆ ಬಿಡಿ. ತಳ ಕೆಂಪಗಾದ ಮೇಲೆ ತಿರುವಿ. ಮೊದಲೇ ಕೈಯಾಡಿಸಿದರೆ ನೀರು ಬಿಟ್ಟು ಬೆಂದಂತಾಗುತ್ತದೆ, ಹುರಿದಂತಾಗುವುದಿಲ್ಲ. ಮೆಂತ್ಯ ಸೊಪ್ಪು ಸೇರಿಸಿದರೆ ಕಹಿಗೆ ಕಹಿ ಕೂಡುತ್ತದೆ ಅಂತ ಕೆಲವರು ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ, ಒಂದು ಟೊಮ್ಯಾಟೊ ಹಾಕಿದರೆ ಸರಿಹೋಗುತ್ತದೆ.

ಕಬಾಬ್ ಕರಿಯಬಹುದಾ?

ಕರಿಯಲು ಎಣ್ಣೆ 170ರಿಂದ 180 ಡಿಗ್ರಿ ಬಿಸಿ ಇರಬೇಕು. ಆ ಬಿಸಿಯನ್ನು ಈ ಎಣ್ಣೆ ತಾಳುತ್ತದೆ. ಸ್ಪೇನ್‌ನ ಮನೆಗಳಲ್ಲಿ ಆಲಿವ್ ಎಣ್ಣೆಯಲ್ಲೇ ಕರಿಯುತ್ತಾರೆ. ಆದರೆ ಅವರ ಊರಲ್ಲಿ ಅದು ಬೆಳೆಯುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ದೇಶ ಅದು. ನಮಗೆ ಕಬಾಬ್‌ಗೆ ಅರ್ಧ ಲೀಟರ್ ಸುರಿಯುವುದು ವ್ಯರ್ಥ ಖರ್ಚು. ಕಡಾಯಿಯ ಬಿಸಿಯನ್ನು ಅಂದಾಜಿನಲ್ಲಿ ನೋಡುವ ನಮ್ಮ ಪದ್ಧತಿಯಲ್ಲಿ 200 ಡಿಗ್ರಿ ದಾಟುವುದೂ ಸುಲಭ. ಮಿರ್ಚಿ, ಕಬಾಬ್, ಬಿರಿಯಾನಿಯ ಉಳ್ಳಾಗಡ್ಡಿ ಇವನ್ನೆಲ್ಲ ಶೇಂಗಾ ಎಣ್ಣೆಯಲ್ಲೇ ಕರಿಯಿರಿ.

ಅದೇ ಕಬಾಬ್ ಚೂರುಗಳನ್ನು ಹಂಚಿನ ಮೇಲೆ 2 ಚಮಚ ಆಲಿವ್ ಎಣ್ಣೆಯಲ್ಲಿ, ಎರಡೂ ಕಡೆ ತಿರುವಿ ಬೇಯಿಸಬಹುದು. ಸಣ್ಣ ಚೂರು ಮಾಡಿ, ಹಂಚಿನ ಮೇಲೆ ಒತ್ತೊತ್ತಾಗಿ ಇಡಬೇಡಿ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ದಪ್ಪ ಚೂರೊಂದನ್ನು ಸೀಳಿ ನೋಡಿ, ಒಳಗೆ ಗುಲಾಬಿ ಬಣ್ಣ ಎಲ್ಲೂ ಉಳಿದಿರಬಾರದು.

ಕರಿದು ಉಳಿದ ಎಣ್ಣೆ ಮತ್ತೆ ಬಳಸಬಹುದಾ?

ಮಾಂಸ ಹುರಿದು ಉಳಿದ ಎಣ್ಣೆಯಲ್ಲಿ ಮಾಂಸದ ತುಣುಕು, ನೀರು, ಮಸಾಲೆ ಎಲ್ಲ ಇರುತ್ತದೆ. ಸೋಸಿ ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಒಂದು ಪಲ್ಯಕ್ಕೆ ಮುಗಿಸಿಬಿಡಿ. ಬಾಟಲಿಗೆ ವಾಪಸ್ ಸುರಿಯಬೇಡಿ, ಉಳಿದ ಒಳ್ಳೆಯ ಎಣ್ಣೆಯೂ ಕೆಡುತ್ತದೆ. ಹೋಟೆಲ್‌ಗಳು ಮತ್ತೆ ಮತ್ತೆ ಕಾಯಿಸುವ ಎಣ್ಣೆಯಲ್ಲಿ ಪೋಲಾರ್ ಅಂಶ (ಎಣ್ಣೆ ಕೆಟ್ಟಂತೆ ಹುಟ್ಟುವ ಅಂಶ) 25 ಪ್ರತಿಶತ ಮೀರಬಾರದು ಅಂತ ದೇಶದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಮಾಡಿದ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯಲು ಆಗುವುದಿಲ್ಲ. ನೊರೆ ಬಂದರೆ, ಕಪ್ಪಾಗಿ ಅಂಟಾದರೆ ಬಿಸಾಡಿ.

ಮಾಂಸ ನೆನೆಸಿಡಲು ಬಳಸಬಹುದಾ?

ಖಂಡಿತ. ಉಪ್ಪು, ನಿಂಬೆರಸ, ಬೆಳ್ಳುಳ್ಳಿ ಜೊತೆ ಕಲಸಿ ಹಚ್ಚಿ. ಮಸಾಲೆಯ ಘಮದಲ್ಲಿ ಬಹಳಷ್ಟು ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಹಾಗಾಗಿ ಮಾಂಸದ ಮೈಗೆಲ್ಲ ಹರಡುತ್ತದೆ. ಮೇಲ್ಭಾಗ ಒಣಗುವುದೂ ಇಲ್ಲ. ಆದರೆ ಎಣ್ಣೆ ಮಾಂಸದ ಒಳಗೆ ಇಳಿಯುವುದಿಲ್ಲ. ಮೆತ್ತಗೆ ಮಾಡುವ ಕೆಲಸ ಉಪ್ಪಿನದು, ಮೊಸರಿನದು. ಗಲ್ಫ್‌ನಿಂದ ಬಂದವರು ಶಿಶ್ ತಾವುಕ್ ತಿಂದಿರುತ್ತಾರೆ. ಮೊಸರು, ನಿಂಬೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಯಲ್ಲಿ ನೆನೆಸಿದ ಕೋಳಿ ಅದು. ಅದನ್ನು ಮನೆಯಲ್ಲಿ ಹಂಚಿನ ಮೇಲೆ ಸುಲಭವಾಗಿ ಮಾಡಬಹುದು.

ನೆನೆಸಿದ್ದನ್ನು ಫ್ರಿಜ್‌ನಲ್ಲೇ ಇಡಿ. ನಮ್ಮ ಬೇಸಿಗೆಯಲ್ಲಿ ಅಡುಗೆಮನೆಯ ಕಟ್ಟೆ ಮೇಲೆ ಒಂದು ಗಂಟೆ ಇಟ್ಟರೂ ಜಾಸ್ತಿಯಾಯಿತು.

ಕೆಂಡದ ಮೇಲೆ ಸುಡುವುದಾದರೆ ಹಚ್ಚಿದ ಎಣ್ಣೆಯನ್ನು ಒರೆಸಿ ತೆಳ್ಳಗೆ ಮಾಡಿ. ಎಣ್ಣೆ ಕೆಂಡದ ಮೇಲೆ ತೊಟ್ಟಿಕ್ಕಿದರೆ ಬೆಂಕಿ ಎದ್ದು ಮಾಂಸ ಕರಕಲಾಗುತ್ತದೆ. ಕರಕಲಾದ ಭಾಗ ಆರೋಗ್ಯಕ್ಕೆ ಒಳ್ಳೆಯದಲ್ಲ, ಕತ್ತರಿಸಿ ತೆಗೆಯಿರಿ.

ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಹಾಕಿ ಬಾಟಲಿಯಲ್ಲಿ ಇಟ್ಟುಕೊಳ್ಳಬಹುದಾ? ಮಟನ್‌ಗೆ ಬೇಕಾದಾಗ ಸಿಗುತ್ತದೆ.

ಹೊರಗೆ ಇಡಲೇಬೇಡಿ. ಹಸಿ ಬೆಳ್ಳುಳ್ಳಿ ಎಣ್ಣೆಯೊಳಗೆ ಮುಳುಗಿದರೆ ಗಾಳಿ ತಾಗುವುದಿಲ್ಲ. ಗಾಳಿ ಇಲ್ಲದ ಜಾಗದಲ್ಲಿ ಬಾಟ್ಯುಲಿಸಂ ಅನ್ನುವ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಅದರ ವಿಷ ಜೀವಕ್ಕೇ ಅಪಾಯ. ವಾಸನೆಯಿಂದ, ಬಣ್ಣದಿಂದ ಅದು ಗೊತ್ತಾಗುವುದಿಲ್ಲ. ಮಾಡಿದರೆ ಕೂಡಲೇ ಫ್ರಿಜ್‌ನಲ್ಲಿಟ್ಟು 4 ದಿನದೊಳಗೆ ಮುಗಿಸಿ. ಉಪ್ಪು, ಹುಳಿ ಚೆನ್ನಾಗಿ ಹಾಕುವ ನಮ್ಮ ಉಪ್ಪಿನಕಾಯಿಯ ಲೆಕ್ಕ ಇಲ್ಲಿ ಹಿಡಿಯಬೇಡಿ.

ಬಿರಿಯಾನಿಗೆ?

ಮಾಂಸ ನೆನೆಸುವಾಗ ಎರಡು ಚಮಚ ಹಾಕಿ, ಅಷ್ಟು ಸಾಕು. ದಮ್ ಕೊಡುವಾಗ ತುಪ್ಪವೇ ಇರಲಿ. ಕೇಸರಿ, ಪುದೀನ, ತುಪ್ಪ ಸೇರಿದ ಘಮಕ್ಕೆ ಆಲಿವ್ ಅಡ್ಡ ಬರುತ್ತದೆ.

ಆಲಿವ್ ಬೆಳೆಯುವ ದೇಶಗಳಲ್ಲಿ ಮಾಂಸಕ್ಕೆ ಹೇಗೆ ಬಳಸುತ್ತಾರೆ?

ಮಸಾಲೆ ಕಡಿಮೆ, ಎಣ್ಣೆ ಮತ್ತು ಬೆಳ್ಳುಳ್ಳಿ ಧಾರಾಳ. ಸ್ಪೇನ್‌ನಲ್ಲಿ ಕೋಳಿ ಚೂರುಗಳನ್ನು ಆಲಿವ್ ಎಣ್ಣೆಯಲ್ಲಿ ಕೆಂಪಗೆ ಹುರಿದು, ಬೆಳ್ಳುಳ್ಳಿ ಹೇರಳವಾಗಿ ಹಾಕಿ ಬೇಯಿಸುತ್ತಾರೆ, ಪೊಯೊ ಅಲ್ ಅಹಿಯೊ ಅಂತ ಅದರ ಹೆಸರು. ಅವರು ಅದಕ್ಕೆ ವೈನ್ ಹಾಕುವುದುಂಟು. ನಾವು ಅದರ ಬದಲು ನೀರು, ನಿಂಬೆರಸ ಹಾಕಬಹುದು. ಗ್ರೀಸ್‌ನಲ್ಲಿ ಕ್ಲೆಫ್ಟಿಕೊ ಅಂತ ಇದೆ. ಕುರಿ ಮಾಂಸಕ್ಕೆ ಎಣ್ಣೆ, ನಿಂಬೆ, ಬೆಳ್ಳುಳ್ಳಿ, ಒರೆಗಾನೊ ಹಚ್ಚಿ, ಕಾಗದದಲ್ಲಿ ಸುತ್ತಿ, ಗಂಟೆಗಟ್ಟಲೆ ಸಣ್ಣ ಬಿಸಿಯಲ್ಲಿ ಬೇಯಿಸುವುದು. ನಮ್ಮಲ್ಲಿ ಓವನ್ ಇಲ್ಲದವರು ದಪ್ಪ ತಳದ ಪಾತ್ರೆಗೆ ಮಾಂಸ ಹಾಕಿ, ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತಿ, ಹಂಚಿನ ಮೇಲಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿದರೆ ಅದಕ್ಕೆ ಹತ್ತಿರದ್ದು ಬರುತ್ತದೆ. ದಮ್ ಕಟ್ಟುವುದು ರಾಯಚೂರಿನವರಿಗೆ ಯಾರೂ ಕಲಿಸಬೇಕಿಲ್ಲ.

ನಮ್ಮ ಬಿಸಿಲಿಗೆ ಈ ಎಣ್ಣೆ ಕೆಡುವುದಿಲ್ಲವಾ? ಎಲ್ಲಿ ಇಡಬೇಕು?

ಈ ಮೂರು ಜಿಲ್ಲೆಯವರು ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದ ಪ್ರಶ್ನೆ ಇದು. ಒಲೆಯ ಬಿಸಿಗಿಂತ ನಮ್ಮ ಬೇಸಿಗೆಯೇ ಈ ಎಣ್ಣೆಯನ್ನು ಜಾಸ್ತಿ ಹಾಳು ಮಾಡುತ್ತದೆ. ಒಲೆಯ ಮೇಲೆ ಅದು ಅರ್ಧ ಗಂಟೆ ಇರುತ್ತದೆ. ಶೆಲ್ಫ್‌ನಲ್ಲಿ ತಿಂಗಳುಗಟ್ಟಲೆ ಇರುತ್ತದೆ.

ಆಲಿವ್ ಎಣ್ಣೆಗೆ ಮೂರು ಶತ್ರುಗಳು: ಬೆಳಕು, ಬಿಸಿ, ಗಾಳಿ. ಏಪ್ರಿಲ್, ಮೇನಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಅಥವಾ ಆರ್‌ಸಿಸಿ ಮನೆಯ ಅಡುಗೆಕೋಣೆಯ ಸ್ಥಿತಿ ನಿಮಗೇ ಗೊತ್ತು. ಗ್ಯಾಸ್ ಒಲೆ ಪಕ್ಕದ ಶೆಲ್ಫ್ ಅಂತೂ ಈ ಬಾಟಲಿಗೆ ಅತಿ ಕೆಟ್ಟ ಜಾಗ. ಕಿಟಕಿ ಕಟ್ಟೆಯೂ ಅಷ್ಟೇ.

ಬಾಟಲಿಯನ್ನು ಅಡುಗೆಮನೆಯಿಂದ ಆಚೆ ಇಡಿ. ಮನೆಯ ಅತಿ ತಂಪಾದ ಕೋಣೆಯಲ್ಲಿ, ನೆಲಕ್ಕೆ ಹತ್ತಿರದ ಕತ್ತಲೆ ಕಪಾಟಿನಲ್ಲಿ ಇಟ್ಟರೆ ಒಳ್ಳೆಯದು. ಹಳೆಯ ಮಣ್ಣಿನ ಮೇಲ್ಮುದ್ದೆ ಮನೆಗಳಲ್ಲಿ ಒಳಕೋಣೆ ಎಷ್ಟು ತಂಪಾಗಿರುತ್ತದೆ! ಅಂಥ ಕೋಣೆ ಇದ್ದವರು ಪುಣ್ಯವಂತರು. ಇಲ್ಲದವರು ಮಾರ್ಚ್‌ನಿಂದ ಜೂನ್ ತನಕ ಫ್ರಿಜ್‌ನಲ್ಲಿ ಇಡಿ. ಮೋಡವಾಗುತ್ತದೆ, ಹರಳುಗಟ್ಟುತ್ತದೆ, ಹೆದರಬೇಡಿ. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ಮತ್ತೆ ತಿಳಿಯಾಗುತ್ತದೆ. ವಾರಕ್ಕೆ ಬೇಕಾದಷ್ಟನ್ನು ಒಂದು ಚಿಕ್ಕ ಕಡು ಬಣ್ಣದ ಶೀಷೆಗೆ ಹಾಕಿ ಹೊರಗಿಟ್ಟುಕೊಂಡರೆ ದೊಡ್ಡ ಬಾಟಲಿಯನ್ನು ಪದೇ ಪದೇ ತೆಗೆಯುವುದು ತಪ್ಪುತ್ತದೆ.

ಸಣ್ಣ ಬಾಟಲಿ ಕೊಳ್ಳಿ, 250 ಅಥವಾ 500 ಮಿಲಿ. ಆಫರ್‌ನಲ್ಲಿ 5 ಲೀಟರ್ ಡಬ್ಬಿ ತರುವವರನ್ನು ನೋಡಿದ್ದೇನೆ. ದೊಡ್ಡ ಕುಟುಂಬ ಇಲ್ಲದಿದ್ದರೆ ಅದು ಮುಗಿಯುವ ಮುಂಚೆಯೇ ಕಮಟು ಹಿಡಿಯುತ್ತದೆ. ಮುಚ್ಚಳ ತೆಗೆದ ಮೇಲೆ ಎರಡು ತಿಂಗಳಲ್ಲಿ ಮುಗಿಸುವಂತೆ ನೋಡಿಕೊಳ್ಳಿ. ಸುಮ್ನೆ ಉಳಿಸಿ ಇಡುವ ವಸ್ತು ಇದಲ್ಲ.

ಕೆಟ್ಟಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮೂಸಿ ನೋಡಿ. ಒಳ್ಳೆಯ ಎಣ್ಣೆ ಹಸಿ ಹುಲ್ಲು, ಹಸಿರು ಕಾಯಿಯಂಥ ವಾಸನೆ ಕೊಡುತ್ತದೆ. ಕೆಟ್ಟದ್ದು ಹಳೆ ಶೇಂಗಾದ ಕಮಟು ವಾಸನೆ. ಒಂದು ಚಿಕ್ಕ ಚಮಚ ಬಾಯಿಗೆ ಹಾಕಿ ನುಂಗಿ. ಗಂಟಲಲ್ಲಿ ಚುರುಕ್ ಅಂದು ಕೆಮ್ಮು ಬಂದಂತಾದರೆ ಅದು ಒಳ್ಳೆಯ ಗುರುತು. ಓಲಿಯೊಕ್ಯಾಂಥಾಲ್ ಅನ್ನುವ ಅಂಶದಿಂದ ಹಾಗಾಗುತ್ತದೆ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಕಡು ಹಸಿರು ಇದ್ದಿದ್ದೆಲ್ಲ ಒಳ್ಳೆಯದಲ್ಲ, ಹಳದಿ ಇದ್ದಿದ್ದೆಲ್ಲ ಕೆಟ್ಟದ್ದಲ್ಲ. ರುಚಿ ನೋಡುವ ತಜ್ಞರು ಬಣ್ಣ ಕಾಣಬಾರದು ಅಂತಲೇ ನೀಲಿ ಗಾಜಿನ ಲೋಟ ಬಳಸುತ್ತಾರೆ. ಫ್ರಿಜ್‌ನಲ್ಲಿ ಗಟ್ಟಿಯಾದರೆ ಅಸಲಿ, ಇಲ್ಲದಿದ್ದರೆ ನಕಲಿ ಅನ್ನುವ ಪರೀಕ್ಷೆಯೂ ನಂಬುವಂಥದ್ದಲ್ಲ. ತಳಿ ಬದಲಾದಂತೆ ಗಟ್ಟಿಯಾಗುವ ರೀತಿಯೂ ಬದಲಾಗುತ್ತದೆ.

ಕೊಳ್ಳುವಾಗ ಏನು ನೋಡಬೇಕು?

ಕಡು ಬಣ್ಣದ ಗಾಜು ಅಥವಾ ತಗಡಿನ ಡಬ್ಬಿ ಇರಲಿ. "ಎಕ್ಸ್‌ಟ್ರಾ ವರ್ಜಿನ್" ಅಂತ ಸ್ಪಷ್ಟವಾಗಿ ಬರೆದಿರಬೇಕು. ಕೊಯ್ಲಿನ ತಿಂಗಳು ಇದ್ದರೆ ಇನ್ನೂ ಒಳ್ಳೆಯದು, ಯುರೋಪಿನಲ್ಲಿ ಕೊಯ್ಲು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿ. ಆಮದು ಮಾಡಿದವರ ಹೆಸರು, ವಿಳಾಸ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ನೋಡಿ. ಅಂಗಡಿಯ ಮುಂಭಾಗದಲ್ಲಿ ಬಿಸಿಲಿಗೆ ಇಟ್ಟ ಬಾಟಲಿ ಬೇಡ ಅನ್ನಿ, ಒಳಗಿನದು ಕೇಳಿ.

ಹಾಗಾದರೆ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಬಿಡಬೇಕಾ?

ದಯವಿಟ್ಟು ಬಿಡಬೇಡಿ. ನಮ್ಮ ಹೊಲದ ಶೇಂಗಾ, ನಮ್ಮ ಊರಿನ ಗಾಣ, ಆ ಎಣ್ಣೆಯ ಘಮಕ್ಕೆ ತಕ್ಕಂತೆ ಬೆಳೆದ ಅಡುಗೆ ನಮ್ಮದು. ಶೇಂಗಾ ಎಣ್ಣೆಯಲ್ಲೂ ಒಲೀಕ್ ಆಮ್ಲ ಒಳ್ಳೆಯ ಪ್ರಮಾಣದಲ್ಲೇ ಇದೆ. ಕುಸುಬಿಯದು ಬೇರೆ ರೀತಿ. ಅದರಲ್ಲಿ ಲಿನೋಲೀಕ್ ಆಮ್ಲ ಹೆಚ್ಚು, ಬೇಗ ಕಮಟಾಗುತ್ತದೆ, ಜೋರು ಬಿಸಿಗೆ ಅಷ್ಟು ಒಳ್ಳೆಯದಲ್ಲ. ಚಟ್ನಿಪುಡಿ, ರೊಟ್ಟಿಗೆ ಹಸಿಯಾಗಿ ಹಾಕಿಕೊಳ್ಳಲು ಅದಕ್ಕೆ ಸಾಟಿ ಇಲ್ಲ. ಆಲಿವ್ ಎಣ್ಣೆಯನ್ನು ಇವುಗಳ ಜೊತೆಗೆ ಇನ್ನೊಂದು ಎಣ್ಣೆಯಾಗಿ ಇಟ್ಟುಕೊಳ್ಳಿ. ಎರಡನ್ನೂ ಬೆರೆಸಿ ಅಡುಗೆ ಮಾಡಿದರೂ ತೊಂದರೆ ಇಲ್ಲ.

ಆಲಿವ್ ಎಣ್ಣೆಯಲ್ಲಿ ಮಾಡಿದರೆ ಮಟನ್ ಹೃದಯಕ್ಕೆ ಒಳ್ಳೆಯದಾಗುತ್ತದಾ?

ಇದನ್ನು ನೇರವಾಗಿ ಹೇಳುತ್ತೇನೆ. ಮಟನ್‌ನೊಳಗಿನ ಕೊಬ್ಬನ್ನು ಯಾವ ಎಣ್ಣೆಯೂ ತೆಗೆದುಹಾಕುವುದಿಲ್ಲ.

ಸ್ಪೇನ್‌ನಲ್ಲಿ ಪ್ರೆಡಿಮೆಡ್ ಅನ್ನುವ ದೊಡ್ಡ ಅಧ್ಯಯನ ನಡೆಯಿತು. ಹೃದ್ರೋಗದ ಅಪಾಯ ಹೆಚ್ಚಿದ್ದ 7,447 ಜನ ಅದರಲ್ಲಿದ್ದರು. 2013ರಲ್ಲಿ ಫಲಿತಾಂಶ ಬಂತು. ಕೆಲವು ಲೋಪ ಕಂಡಿದ್ದರಿಂದ 2018ರಲ್ಲಿ ತಿದ್ದಿ ಮತ್ತೆ ಪ್ರಕಟಿಸಿದರು, ತೀರ್ಮಾನ ಬಹುತೇಕ ಅದೇ ಉಳಿಯಿತು. ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಬಳಸಿದ ಗುಂಪಿನಲ್ಲಿ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಸುಮಾರು 30 ಪ್ರತಿಶತ ಕಡಿಮೆ. ಆದರೆ ಅವರ ಊಟದಲ್ಲಿ ತರಕಾರಿ, ಕಾಳು, ಹಣ್ಣು, ಮೀನು ಹೆಚ್ಚಿತ್ತು. ಕುರಿ, ದನದಂಥ ಕೆಂಪು ಮಾಂಸ ಕಡಿಮೆ ಮಾಡಿ ಅಂತ ಅವರಿಗೆ ಹೇಳಿದ್ದರು. ಎಣ್ಣೆಯನ್ನು ಮಾತ್ರ ಬದಲಿಸಿ, ಮಟನ್ ಅಷ್ಟೇ ತಿಂದು, ಅದೇ ಫಲ ಸಿಗುತ್ತದೆ ಅಂದುಕೊಳ್ಳಬಾರದು.

ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲರಿ ಇರುತ್ತದೆ, ಅದು ಆಲಿವ್ ಆಗಲಿ ಶೇಂಗಾ ಆಗಲಿ. ಹಾಗಾಗಿ ಸುರಿಯಬೇಡಿ, ಅಳೆದು ಹಾಕಿ. ಮಾಂಸ ಸ್ವಲ್ಪ ಕಡಿಮೆ ಮಾಡಿ, ಅದೇ ಸಾರಿಗೆ ಕಡಲೆಕಾಳು, ಬದನೆಕಾಯಿ, ಪುಂಡಿ ಅಥವಾ ಮೆಂತ್ಯ ಸೊಪ್ಪು ಸೇರಿಸಿದರೆ ರುಚಿಗೂ ಕೊರತೆ ಇಲ್ಲ, ಮನೆಯವರ ಆರೋಗ್ಯಕ್ಕೂ ಒಳ್ಳೆಯದು. ಹೃದಯದ ತೊಂದರೆ ಇದ್ದವರು ಎಷ್ಟು ತಿನ್ನಬೇಕು ಅನ್ನುವುದನ್ನು ತಮ್ಮ ಡಾಕ್ಟರ ಹತ್ತಿರವೇ ಕೇಳಬೇಕು.

ಫ್ರಿಜ್‌ನಲ್ಲಿಟ್ಟ ಮಟನ್ ಸಾರಿನ ಮೇಲೆ ಬಿಳಿ ಪದರ ಬಂದಿದೆ. ಎಣ್ಣೆ ಕೆಟ್ಟಿತಾ?

ಇಲ್ಲ. ಬಿಳಿಯಾಗಿ ಗಟ್ಟಿಯಾಗಿರುವುದು ಹೆಚ್ಚಾಗಿ ಮಟನ್‌ನ ಕೊಬ್ಬು. ಕೊಬ್ಬು ಕಡಿಮೆ ಬೇಕಿದ್ದವರು ತಣ್ಣಗಿರುವಾಗಲೇ ಆ ಪದರವನ್ನು ಚಮಚದಿಂದ ತೆಗೆದುಬಿಡಿ. ಹೀಗೆ ತೆಗೆದಾಗ ಹಾಕಿದ ಆಲಿವ್ ಎಣ್ಣೆಯೂ ಸ್ವಲ್ಪ ಹೋಗುತ್ತದೆ. ಆದ್ದರಿಂದ ಸಾರನ್ನು ಚೆನ್ನಾಗಿ ಕುದಿಸಿ ಇಳಿಸಿದ ಮೇಲೆ ಒಂದು ಚಿಕ್ಕ ಚಮಚ ಹೊಸ ಎಣ್ಣೆ ಹಾಕಿ ಬಡಿಸಿ.